ಬಾಣಂತನ ಮುಗಿಸಿ ಬಂದರೆ ಎಚ್‌ಆರ್‌ನಿಂದ ಸಿಕ್ಕಿದ್ದು ಬರೀ "ನೋಡೋಣ ಮೇಡಂ"

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದಿದ್ದ ಈಕೆ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದಾರೆ. ವಯಸ್ಸು ಮೂವತ್ತರ ಆಸುಪಾಸು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಮೊದಲ ಹೆರಿಗೆಯ 26 ವಾರದ ರಜೆ ಮುಗಿಸಿ ಹೋದಾಗ ಅವರ ಪ್ರಾಜೆಕ್ಟ್ ಬೇರೆಯವರ ಕೈಯಲ್ಲಿತ್ತು. ಇವರನ್ನು ಬೆಂಚಿಗೆ ಹಾಕಿದ್ದರು, ಅಂದರೆ ಯಾವ ಪ್ರಾಜೆಕ್ಟೂ ಕೊಡದೆ ಕೂರಿಸಿದ್ದರು. ಅಪ್ರೈಸಲ್‌ನಲ್ಲಿ ರೇಟಿಂಗ್ ಇಳಿದಿತ್ತು. ಮ್ಯಾನೇಜರ್‌ನ ಕೇಳಿದರೆ "ಎಚ್‌ಆರ್ ಹತ್ರ ಮಾತಾಡಿ", ಎಚ್‌ಆರ್‌ಗೆ ಹೋದರೆ "ಅದು ಮ್ಯಾನೇಜರ್ ಡಿಸಿಷನ್". ಪೋರ್ಟಲ್‌ನಲ್ಲಿ ಟಿಕೆಟ್ ಹಾಕಿದರೆ ಯಾವ ಉತ್ತರವೂ ಇಲ್ಲದೆ "ರಿಸಾಲ್ವ್ಡ್" ಎಂದು ಮುಚ್ಚಿಬಿಡುತ್ತಿದ್ದರು.

ಅವರನ್ನು ಜಾಸ್ತಿ ನೋಯಿಸಿದ್ದು ಇನ್ನೊಂದು. ಎದೆಹಾಲು ತೆಗೆದಿಡಲು ಆಫೀಸಿನಲ್ಲಿ ಜಾಗವಿರಲಿಲ್ಲ. ಅದಕ್ಕೆಂದೇ ಮಾಡಿದ್ದ ಕೋಣೆಯಲ್ಲಿ ಹಳೇ ಮಾನಿಟರ್‌ಗಳ ಪೆಟ್ಟಿಗೆ ತುಂಬಿದ್ದರು. ಕೇಳಿದಾಗಲೆಲ್ಲ "ನೋಡೋಣ ಮೇಡಂ" ಎಂಬ ಮಾತು. ಅಷ್ಟು ದಿನವೂ ಟಾಯ್ಲೆಟ್‌ನಲ್ಲಿ ನಿಂತು ಹಾಲು ತೆಗೆದು, ಅಲ್ಲೇ ಚೆಲ್ಲಿ, ಮುಖ ತೊಳೆದುಕೊಂಡು ಮೀಟಿಂಗ್‌ಗೆ ಹೋಗುತ್ತಿದ್ದರು. ನನ್ನ ಮುಂದೆ ಕೂತು ಅವರು ಕೇಳಿದ್ದು ಕಂಪನಿಯ ಬಗ್ಗೆ ಅಲ್ಲ. "ನನಗೇ ಕೆಲಸ ಮಾಡೋಕೆ ಬರಲ್ಲ ಅಂತ ಆಗೋಗಿದೆಯಾ?" ಎಂದು ಕೇಳಿದರು.

ಮೊದಲು ನಿದ್ದೆ, ಊಟ, ಅಳು, ಮಗುವಿನ ಮೇಲಿನ ಭಾವನೆ, ಸಾಯುವ ಯೋಚನೆ ಇದೆಯಾ ಎಂಬುದನ್ನೆಲ್ಲ ನೇರವಾಗಿಯೇ ಕೇಳಿದೆ. ಹೆರಿಗೆಯ ನಂತರದ ಖಿನ್ನತೆ ಎಷ್ಟೋ ಸಲ ಆಫೀಸಿನ ಟೆನ್ಷನ್ ಹಿಂದೆ ಅಡಗಿರುತ್ತದೆ. ಈಕೆಯಲ್ಲಿ ಸಾಯುವ ಯೋಚನೆ ಇರಲಿಲ್ಲ, ಆದರೆ ಮಗು ಮಲಗಿದಾಗಲೂ ಇವರಿಗೆ ನಿದ್ದೆ ಬರುತ್ತಿರಲಿಲ್ಲ. ಅದಕ್ಕೆ ಮನೋವೈದ್ಯರ ಬಳಿ ಕಳಿಸಿದೆ. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು ಎಂದೆ.

ಆಮೇಲೆ ಎಚ್‌ಆರ್ ವಿಷಯಕ್ಕೆ ಬಂದೆವು. ಅಲ್ಲಿ ಕೂತಿರುವ ಹುಡುಗಿ ಒಳ್ಳೆಯವಳೇ ಇರಬಹುದು, ಹುಟ್ಟುಹಬ್ಬಕ್ಕೆ ಕೇಕ್ ತರಿಸುತ್ತಾಳೆ, ಆದರೆ ಅವಳಿಗೆ ಸಂಬಳ ಕೊಡುವುದು ಕಂಪನಿ, ಅವಳು ಮೊದಲು ನೋಡುವುದು ಕಂಪನಿಗೆ ತೊಂದರೆ ಆಗುತ್ತದಾ ಎಂದು. ಈಕೆ ಎಚ್‌ಆರ್ ಅನ್ನು ತವರುಮನೆ ಎಂದುಕೊಂಡು ಹೋಗುತ್ತಿದ್ದರು. ಕಣ್ಣೀರು ಹಾಕಿ ಅರ್ಧ ಗಂಟೆ ಮಾತಾಡಿ ಬರುತ್ತಿದ್ದರು. ಅದರಲ್ಲಿ ಒಂದು ಸಾಲೂ ಎಲ್ಲೂ ದಾಖಲಾಗುತ್ತಿರಲಿಲ್ಲ.

ಹಾಗಾಗಿ, ಬಾಯಿಮಾತಿನ ಭೇಟಿ ಸಾಕು, ಇನ್ನು ಮೇಲ್ ಬರೆಯಿರಿ ಎಂದೆ. ಒಂದು ಮೇಲ್‌ಗೆ ಒಂದೇ ವಿಷಯ. "ನನಗೆ ಬೇಜಾರಾಗಿದೆ" ಬೇಡ, "ಇಂಥ ದಿನ ಕೋಣೆ ಕೇಳಿದೆ, ಇನ್ನೂ ಕೊಟ್ಟಿಲ್ಲ, ಯಾವತ್ತು ಕೊಡುತ್ತೀರಿ" ಸಾಕು. ಎದುರಿಗೆ ಮಾತಾಡಲೇಬೇಕಾಗಿ ಬಂದರೆ, ಅದೇ ದಿನ "ನಾವು ಮಾತಾಡಿದ್ದು ಇಷ್ಟು" ಎಂದು ಮೇಲ್ ಹಾಕಿ. ಕ್ಲೈಂಟ್‌ಗೆ ಸೇರಿದ ಯಾವುದನ್ನೂ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ, ಅದನ್ನೇ ನೆಪ ಮಾಡಿ ಕೆಲಸದಿಂದ ತೆಗೆಯಬಹುದು. ತಾರೀಕು ಹಾಕಿ ಮನೆಯ ನೋಟ್‌ಬುಕ್‌ನಲ್ಲಿ ಬರೆದಿಡಿ.

ಕಾನೂನು ಗೊತ್ತಿದ್ದರೆ ಮೇಲ್ ಬರೆಯುವ ಧೈರ್ಯ ಬರುತ್ತದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಹಾಲುಣಿಸುವ ಬಿಡುವು ಇತ್ತು. ಅದರ 2017ರ ತಿದ್ದುಪಡಿ ತಂದ ನಿಯಮದಂತೆ 50 ಅಥವಾ ಅದಕ್ಕಿಂತ ಜಾಸ್ತಿ ನೌಕರರಿದ್ದರೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಕೊಡಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಲು ಬಿಡಬೇಕು. ರಜೆ ತೆಗೆದುಕೊಂಡಳು ಎಂದು ಕೆಲಸದ ಷರತ್ತುಗಳನ್ನು ಅವಳಿಗೆ ನಷ್ಟವಾಗುವಂತೆ ಬದಲಿಸುವ ಹಾಗಿಲ್ಲ. ಈ ಬಿಡುವು, ಶಿಶುಪಾಲನೆಯ ಸೌಲಭ್ಯ 2025ರ ನವೆಂಬರ್‌ನಿಂದ ಆ ಕಾಯ್ದೆಯ ಬದಲಿಗೆ ಜಾರಿಯಲ್ಲಿರುವ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವೆ. ಇದು ಯಾರೋ ಮಾಡುವ ಉಪಕಾರ ಅಲ್ಲ. ಇದನ್ನು ಹೇಳಿದಾಗ ಈಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಯಾರೂ ಹೇಳಲೇ ಇಲ್ಲ" ಎಂದರು. ನನಗೆ ಸಿಟ್ಟು ಬಂತು. ಸೇರುವಾಗಲೇ ಇದನ್ನು ಬರಹದಲ್ಲಿ ತಿಳಿಸಬೇಕು ಎಂದು 2017ರ ತಿದ್ದುಪಡಿಯೇ ಹೇಳಿತ್ತು, ಅಲ್ವಾ?

ಸಿಟ್ಟಿನಲ್ಲಿ ರಾಜೀನಾಮೆ ಕೊಡಬೇಡಿ ಎಂದೂ ಹೇಳಿದೆ. ಬಿಡುವುದಾದರೆ ಇನ್ನೊಂದು ಆಫರ್ ಕೈಗೆ ಬಂದ ಮೇಲೆ ಬಿಡಿ. ಕಂಪನಿಯೊಳಗೆ ಏನೂ ಆಗದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು, ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕಚೇರಿ ಇದೆ. ಒಬ್ಬರೇ ಹೋಗಲು ಹೆದರಿಕೆಯಾದರೆ ಐಟಿ ನೌಕರರ ಸಂಘ ಕೆಐಟಿಯು ಇದೆ, ಅವರನ್ನು ಕೇಳಿ.

ಗಂಡನನ್ನೂ ಒಮ್ಮೆ ಕರೆಸಿದೆ. "ಬಿಟ್ಟುಬಿಡು, ನಾನಿದ್ದೀನಲ್ಲ" ಎಂದು ಅವರು ಪ್ರೀತಿಯಿಂದಲೇ ಹೇಳುತ್ತಿದ್ದರು, ಆದರೆ ಈಕೆಗೆ ಅದು "ನಿನ್ನ ಕೆಲಸ ಅಷ್ಟೇನೂ ಮುಖ್ಯ ಅಲ್ಲ" ಎಂದು ಕೇಳಿಸುತ್ತಿತ್ತು. ರಾತ್ರಿಯ ಒಂದು ಸರದಿ ಮಗುವನ್ನು ನೋಡಿಕೊಳ್ಳಲು ಅವರು ಒಪ್ಪಿದರು. ಚಿಕಿತ್ಸೆಯ ಜೊತೆಗೆ ಅದರಿಂದಲೂ ನಿದ್ದೆ ಸುಧಾರಿಸಿತು.

ಕಾನೂನಿನ ಕಲಂ ಹಾಕಿ ಬರೆದ ಮೇಲ್‌ಗೆ ಉತ್ತರ ಬಂತು. ಕೋಣೆ ಖಾಲಿ ಮಾಡಿಸಿದರು, ಬಿಡುವಿನ ಸಮಯವನ್ನು ಬರಹದಲ್ಲಿ ಕೊಟ್ಟರು. ರೇಟಿಂಗ್ ಮಾತ್ರ ಬದಲಾಗಿಲ್ಲ. ಆ ಬಗ್ಗೆ ಇಲಾಖೆಗೆ ಕೊಡುವ ಅರ್ಜಿಯನ್ನು ಈಗ ಗಂಡ ಹೆಂಡತಿ ಇಬ್ಬರೂ ಕೂತು ಬರೆಯುತ್ತಿದ್ದಾರೆ.