ಖಾಲಿ ಡ್ರೈವಿನ ಮೇಲೆ ಮಾಡಿದ ಪರೀಕ್ಷೆಯನ್ನು ನಂಬಬೇಡಿ

ಏಳು ವರ್ಷ ಹಳೆಯ ಡೆಸ್ಕ್‌ಟಾಪಿಗೆ ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಿನ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಡ್ರೈವ್) ಹಾಕಿಸಬೇಕು. ಸೆಕೆಂಡಿಗೆ 7,000 ಎಂಬಿ ಓದುವುದು ಒಳ್ಳೆಯದೋ 3,500 ಎಂಬಿಯದು ಸಾಕೋ, ತಂದ ಮೇಲೆ ಯಾವ ಸಾಫ್ಟ್‌ವೇರಿನಲ್ಲಿ ಅಳೆದು ನೋಡಬೇಕು ಎಂದು ಕೇಳಿದ್ದೀರಿ. ನಾನೂ ಒಮ್ಮೆ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಇದನ್ನೇ ಕೇಳಿದ್ದೆ. ಉತ್ತರವೂ ಸಿಕ್ಕಿತ್ತು. ಆ ಉತ್ತರದಂತೆಯೇ ನಡೆದು ಒಂದು ಕೆಲಸವನ್ನೂ ಎರಡು ತಿಂಗಳ ನೆಮ್ಮದಿಯನ್ನೂ ಕಳೆದುಕೊಂಡೆ.

ನಾನು ವೀಡಿಯೊ ಸಂಕಲನ ಮಾಡುವವನು. ಹಾರ್ಡ್ ಡಿಸ್ಕಿನಿಂದ ಬೇಸತ್ತು 1 ಟಿಬಿಯ ಎನ್‌ವಿಎಂಇ ಎಂಬ ವೇಗದ ಬಗೆಯ ಎಸ್‌ಎಸ್‌ಡಿ ಡ್ರೈವ್ ಕೊಂಡೆ. ಬರೆಯುವ ವೇಗ ಸೆಕೆಂಡಿಗೆ 1,800 ಎಂಬಿ ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿತ್ತು. ಜೋಡಿಸಿದ ಅರ್ಧ ಗಂಟೆಯಲ್ಲಿ, ಡ್ರೈವಿನ ವೇಗ ಅಳೆಯುವ ಸಾಫ್ಟ್‌ವೇರ್ ಆದ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಓಡಿಸಿದೆ. ಅಚ್ಚಾಗಿದ್ದ ಅಂಕಿಯೇ ಪರದೆಯ ಮೇಲೂ ಬಂತು. ಆ ಪರದೆಯ ಚಿತ್ರವನ್ನು ತೆಗೆದು ಜೋಪಾನವಾಗಿ ಇಟ್ಟುಕೊಂಡೆ. ಡ್ರೈವ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ, ಇನ್ನು ಅದರ ಚಿಂತೆ ಇಲ್ಲ ಎಂದುಕೊಂಡೆ.

ಐದು ತಿಂಗಳ ನಂತರ ಮೂರು ದಿನಗಳ ವಿಚಾರಸಂಕಿರಣವೊಂದರ ಚಿತ್ರೀಕರಣ ನನ್ನ ಕೈಗೆ ಬಂತು. ಎರಡು ಕ್ಯಾಮೆರಾ, ಒಟ್ಟು 300 ಜಿಬಿ. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಭಾಗ ಕೊಡುವುದಾಗಿ ಮಾತು ಕೊಟ್ಟಿದ್ದೆ. ಸೆಕೆಂಡಿಗೆ 900 ಎಂಬಿ ಕೊಡಬಲ್ಲ ಹೊರಗಿನ ಎಸ್‌ಎಸ್‌ಡಿಯಿಂದ ನಕಲು ಮಾಡಲು ಹಚ್ಚಿದೆ. ಐದಾರು ನಿಮಿಷದ ಕೆಲಸ. ಮೊದಲ ಒಂದೂವರೆ ನಿಮಿಷ ಎಲ್ಲವೂ ಸರಿಯಾಗಿತ್ತು. ಸುಮಾರು 80 ಜಿಬಿ ದಾಟಿದ ಮೇಲೆ, ನಕಲಿನ ಕಿಟಕಿಯಲ್ಲಿ ಕಾಣುವ ವೇಗದ ಗೆರೆ ಕಡಿದು ಬಿದ್ದಂತೆ ಕೆಳಗಿಳಿದು 80 ಎಂಬಿಯ ಬಳಿ ನಿಂತಿತು. ನನ್ನ ಹಳೆಯ ಹಾರ್ಡ್ ಡಿಸ್ಕೇ ಇದಕ್ಕಿಂತ ಬೇಗ ಬರೆಯುತ್ತಿತ್ತು.

ನಕಲು ರದ್ದು ಮಾಡಿದೆ. ಕೇಬಲ್ ಬದಲಿಸಿ ಮತ್ತೆ ಹಚ್ಚಿದೆ. ಈ ಸಲ ಆರಂಭದಿಂದಲೇ 80. ಯುಎಸ್‌ಬಿ ಪೋರ್ಟ್ ಬದಲಿಸಿದೆ, ಅಷ್ಟೇ. ಸುಮ್ಮನೆ ಬಿಟ್ಟಿದ್ದರೆ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತಿದ್ದ ನಕಲಿಗೆ ಅರ್ಧ ರಾತ್ರಿ ಕಳೆದೆ. ಆಮೇಲೆ ಸಂಕಲನ ಸಾಫ್ಟ್‌ವೇರ್ ತನ್ನ ತಾತ್ಕಾಲಿಕ ಕಡತಗಳನ್ನು ಅದೇ ಡ್ರೈವಿಗೆ ಬರೆಯತೊಡಗಿದಾಗ ಮೌಸ್ ಕೂಡ ತಡೆತಡೆದು ಚಲಿಸುತ್ತಿತ್ತು. ಒಂಬತ್ತಕ್ಕೆ ಕೊಡಲಾಗಲಿಲ್ಲ. ಆ ಸಂಸ್ಥೆಯವರು ಮುಂದೆ ನನ್ನನ್ನು ಕರೆಯಲಿಲ್ಲ.

ಇನ್ನು ನನ್ನ ತಪ್ಪಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ನೀವು ಈಗ ನಿಂತಿರುವುದು ಸರಿಯಾಗಿ ಆ ತಪ್ಪಿನ ಹೊಸ್ತಿಲಲ್ಲಿ.

ನಾನು ಕೊಂಡದ್ದು ಕ್ಯೂಎಲ್‌ಸಿ ಡ್ರೈವ್. ಅಂದರೆ ಚಿಪ್ಪಿನ ಒಂದೊಂದು ಕೋಶದಲ್ಲಿ (ಮಾಹಿತಿ ಕೂಡಿಡುವ ಅತಿ ಚಿಕ್ಕ ಗೂಡಿನಲ್ಲಿ) ನಾಲ್ಕು ಬಿಟ್ ಇಡುವಂಥದ್ದು. ಟಿಎಲ್‌ಸಿಯಲ್ಲಿ ಮೂರು ಬಿಟ್, ಎಸ್‌ಎಲ್‌ಸಿಯಲ್ಲಿ ಒಂದು. ಒಂದೇ ಕೋಶಕ್ಕೆ ಹೆಚ್ಚು ಬಿಟ್ ತುರುಕಿದಷ್ಟೂ ಬರೆಯುವುದು ನಿಧಾನ, ಏಕೆಂದರೆ ನಾಲ್ಕು ಬಿಟ್‌ಗೆ ಹದಿನಾರು ಬೇರೆ ಬೇರೆ ವಿದ್ಯುತ್ ಮಟ್ಟಗಳನ್ನು ನಿಖರವಾಗಿ ಕೂರಿಸಬೇಕು. ಈ ನಿಧಾನ ನಮಗೆ ಕಾಣದಿರಲೆಂದು ಡ್ರೈವ್ ಒಂದು ಉಪಾಯ ಮಾಡುತ್ತದೆ. ಖಾಲಿ ಇರುವ ಕೋಶಗಳಲ್ಲಿ ಒಂದಷ್ಟನ್ನು ಎಸ್‌ಎಲ್‌ಸಿಯಂತೆ, ಒಂದೇ ಬಿಟ್‌ಗೆ ಬಳಸಿ ಬಂದದ್ದನ್ನು ಬೇಗ ಬೇಗ ಅಲ್ಲಿ ಇಳಿಸಿಕೊಳ್ಳುತ್ತದೆ. ಆಮೇಲೆ ಬಿಡುವಾದಾಗ ಅದನ್ನು ನಾಲ್ಕು ಬಿಟ್‌ಗಳ ಕೋಶಗಳಿಗೆ ಸಾಗಿಸುತ್ತದೆ. ಮೂಟೆಗಳನ್ನು ಮೊದಲು ಜಗುಲಿಯ ಮೇಲೆ ಇಳಿಸಿ, ಆಮೇಲೆ ಒಂದೊಂದಾಗಿ ಉಗ್ರಾಣಕ್ಕೆ ಹೊತ್ತು ಹಾಕುವ ಹಾಗೆ.

ಜಗುಲಿ ಖಾಲಿ ಇರುವವರೆಗೆ ಗಾಡಿ ಎಷ್ಟು ಬಂದರೂ ಸರಿ. ಅದು ತುಂಬಿತೆಂದರೆ, ಹೊಸ ಮೂಟೆ ಇಳಿಸುವ ಮುನ್ನ ಹಳೆಯದನ್ನು ಒಳಗೆ ಸಾಗಿಸಬೇಕು. ಆಗ ಎರಡು ಕೆಲಸ ಒಟ್ಟಿಗೆ ನಡೆದು ವೇಗ ಇನ್ನೂ ಕುಸಿಯುತ್ತದೆ. ಎರಡನೆಯ ಸಲದ ನಕಲು ಆರಂಭದಿಂದಲೇ ನಿಧಾನವಾಗಿದ್ದದ್ದು ಇದಕ್ಕೇ. ಕೇಬಲ್ ಬದಲಿಸಿದೆನೇ ಹೊರತು ಜಗುಲಿ ತೆರವಾಗಲು ನಾನು ಸಮಯವನ್ನೇ ಕೊಟ್ಟಿರಲಿಲ್ಲ.

ಅದಕ್ಕಿಂತ ಮುಖ್ಯವಾದದ್ದೆಂದರೆ, ಅನೇಕ ಡ್ರೈವ್‌ಗಳಲ್ಲಿ ಈ ಜಗುಲಿಯ ಅಳತೆ ಸ್ಥಿರವಲ್ಲ. ಡ್ರೈವ್ ತುಂಬಿದಂತೆ ಅದು ಕಿರಿದಾಗುತ್ತದೆ. ನಾಲ್ಕು ಬಿಟ್‌ಗಳ ಜಾಗದಲ್ಲಿ ಒಂದನ್ನೇ ಇಡುವುದರಿಂದ, 400 ಜಿಬಿ ಖಾಲಿ ಇದ್ದರೆ ಹೆಚ್ಚೆಂದರೆ 100 ಜಿಬಿಯ ಜಗುಲಿ ಸಿಗುತ್ತದೆ. ನನ್ನ ಡ್ರೈವಿನಲ್ಲಿ ಆ ರಾತ್ರಿ ಖಾಲಿ ಇದ್ದದ್ದು ಸರಿಸುಮಾರು ಅಷ್ಟೇ.

ಈಗ ನನ್ನ ಪರೀಕ್ಷೆಯನ್ನು ನೋಡಿ. ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ತಾನಾಗಿ ಆರಿಸಿಕೊಳ್ಳುವ ಕಡತದ ಗಾತ್ರ 1 ಜಿಬಿ. ಪೂರ್ತಿ ಖಾಲಿ ಇದ್ದ 1 ಟಿಬಿ ಡ್ರೈವಿನ ಮೇಲೆ ನಾನು 1 ಜಿಬಿ ಬರೆದು ನೋಡಿದ್ದೆ. ಅಳೆದದ್ದು ಜಗುಲಿಯನ್ನು ಮಾತ್ರ, ಉಗ್ರಾಣದ ಬಾಗಿಲನ್ನು ಮುಟ್ಟಿಯೂ ಇರಲಿಲ್ಲ. ಸಾಫ್ಟ್‌ವೇರ್ ಸುಳ್ಳು ಹೇಳಲಿಲ್ಲ. ಕೇಳಿದ್ದಕ್ಕೆ ಅದು ನಿಜವನ್ನೇ ಹೇಳಿತು. ಕೇಳಬೇಕಾದದ್ದನ್ನು ನಾನು ಕೇಳಿರಲಿಲ್ಲ.

ಆ ಪರೀಕ್ಷೆ ಕೊಟ್ಟ ಧೈರ್ಯದಿಂದಲೇ ನನಗೆ ಹೆಚ್ಚು ಹಾನಿಯಾಯಿತು. ಕಂಪ್ಯೂಟರಿನಲ್ಲಿ ನಾನು ಅನುಮಾನಿಸದ ಒಂದೇ ಒಂದು ಭಾಗ ಆ ಡ್ರೈವ್. ಹೊಸ ಕೇಬಲ್ ತಂದೆ. ರ್‍ಯಾಮ್ ಸಾಲುತ್ತಿಲ್ಲವೆಂದು ಅದನ್ನು ಇಮ್ಮಡಿ ಮಾಡಿದೆ. ಕೊನೆಗೆ ಎಲ್ಲವನ್ನೂ ಅಳಿಸಿ ವಿಂಡೋಸ್ ಅನ್ನು ಮೊದಲಿನಿಂದ ಹಾಕಿದೆ, ಕಂಪ್ಯೂಟರ್ ಮತ್ತೆ ಚುರುಕಾಯಿತು! ಹಾಗಾದರೆ ದೋಷವಿದ್ದದ್ದು ವಿಂಡೋಸ್‌ನಲ್ಲಿ ಎಂದು ನಿಶ್ಚಯಿಸಿಬಿಟ್ಟೆ. ಡ್ರೈವ್ ಖಾಲಿಯಾದ್ದರಿಂದ ಜಗುಲಿ ಮತ್ತೆ ದೊಡ್ಡದಾಗಿತ್ತು ಎಂಬುದು ಹೊಳೆಯಲೇ ಇಲ್ಲ. ಕೆಲವು ವಾರಗಳಲ್ಲಿ ಕಡತಗಳು ತುಂಬಿದವು, ಕಾಯಿಲೆ ಮರಳಿತು. ಇದೇ ಕ್ಷೇತ್ರದಲ್ಲಿರುವ ಗೆಳೆಯರೊಬ್ಬರು ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದರು: “ಪರೀಕ್ಷೆ ಮಾಡಿದಾಗ ಡ್ರೈವ್ ಎಷ್ಟು ತುಂಬಿತ್ತು?” ಅಷ್ಟರಲ್ಲಿ ಅದನ್ನು ಹಿಂದಿರುಗಿಸುವ ಅವಧಿ ಮುಗಿದು ತಿಂಗಳುಗಳೇ ಆಗಿದ್ದವು. ಹಿಂದಿರುಗಿಸಲು ಕಾರಣವೂ ಇರಲಿಲ್ಲ ಬಿಡಿ, ಡ್ರೈವ್ ಕೆಟ್ಟಿರಲಿಲ್ಲ. ಅದು ಇದ್ದದ್ದೇ ಹಾಗೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. 7,000ವೋ 3,500ವೋ ಎಂಬ ಆಯ್ಕೆಯನ್ನೇ ನಾನು ಒಪ್ಪುವುದಿಲ್ಲ. ಏಳು ವರ್ಷ ಹಳೆಯ ಮದರ್‌ಬೋರ್ಡಿನಲ್ಲಿ ಎಂ.2 ಸ್ಲಾಟ್ (ಚಿಕ್ಕ ಪಟ್ಟಿಯಂಥ ಎಸ್‌ಎಸ್‌ಡಿಯನ್ನು ಸಿಕ್ಕಿಸುವ ಜಾಗ) ಇದ್ದರೂ ಅದರ ಸಂಪರ್ಕ ಪಿಸಿಐಇ 3.0 ಎಂಬ ಹಳೆಯ ಪೀಳಿಗೆಯದಾಗಿರುವ ಸಂಭವವೇ ಹೆಚ್ಚು. ಅದರ ನಾಲ್ಕು ಲೇನ್‌ಗಳಲ್ಲಿ (ಮಾಹಿತಿ ಹರಿಯುವ ದಾರಿಗಳಲ್ಲಿ) ಸೆಕೆಂಡಿಗೆ 4,000 ಎಂಬಿ ದಾಟುವುದು ಸಾಧ್ಯವೇ ಇಲ್ಲ. ಕೆಲವು ಎಂ.2 ಸ್ಲಾಟ್‌ಗಳು ಸಾಟಾ ಎಂಬ ಹಳೆಯ, ನಿಧಾನದ ಸಂಪರ್ಕದ ಡ್ರೈವ್‌ಗಳನ್ನು ಮಾತ್ರ ಗುರುತಿಸುತ್ತವೆ, ಅಲ್ಲಿ ಎನ್‌ವಿಎಂಇ ಸಿಕ್ಕಿಸಿದರೂ ಕಾಣುವುದಿಲ್ಲ. ಇನ್ನು ಕೆಲವು ಬೋರ್ಡುಗಳಲ್ಲಿ ಎಂ.2 ತುಂಬಿಸಿದರೆ ಒಂದೆರಡು ಸಾಟಾ ಪೋರ್ಟುಗಳು ಕೆಲಸ ನಿಲ್ಲಿಸುತ್ತವೆ. ಬೋರ್ಡಿನ ಕೈಪಿಡಿಯಲ್ಲಿ ಇದೆಲ್ಲ ಬರೆದಿರುತ್ತದೆ, ಕೊಳ್ಳುವ ಮುಂಚೆಯೇ ಓದಿ.

ಆ ಸಾವಿರಗಳ ಲೆಕ್ಕ ಉದ್ದದ ಕಡತವನ್ನು ಒಂದೇ ಸಮನೆ ಓದುವಾಗಿನದು. ನೀವು ಹೇಳಿದ ಕೆಲಸ ಬ್ರೌಸರ್, ಫೋಟೊ, ಆಗಾಗ ವೀಡಿಯೊ. ಅದರಲ್ಲಿ ಬಹುಪಾಲು ಚಿಕ್ಕ ಚಿಕ್ಕ ತುಣುಕುಗಳನ್ನು ಅಲ್ಲಲ್ಲಿಂದ ಹೆಕ್ಕಿ ಓದುವುದೇ. ಹಾರ್ಡ್ ಡಿಸ್ಕಿಗೆ ಅಂಥ ಒಂದು ತುಣುಕು ತರಲು ಹತ್ತು ಮಿಲಿಸೆಕೆಂಡಿನಷ್ಟು ಬೇಕು, ಎಸ್‌ಎಸ್‌ಡಿಗೆ ಅದರ ನೂರನೆಯ ಒಂದು ಭಾಗ. ನಿಮ್ಮ ಅನುಭವಕ್ಕೆ ಬರುವ ಜಿಗಿತ ಅದೊಂದೇ, ಮತ್ತು ಅದನ್ನು 550 ಎಂಬಿಯ ಸಾಧಾರಣ ಸಾಟಾ ಎಸ್‌ಎಸ್‌ಡಿ ಕೂಡ ಕೊಡುತ್ತದೆ.

ಆದ್ದರಿಂದ ನನ್ನ ಮಾತು ಇಷ್ಟು: ವೇಗದ ಅಂಕಿಗೆ ಕೊಡುವ ಹಣವನ್ನು ಗಾತ್ರಕ್ಕೂ ಕೋಶದ ಬಗೆಗೂ ಕೊಡಿ. ಟಿಎಲ್‌ಸಿಯನ್ನೇ ಕೊಳ್ಳಿ. 500 ಜಿಬಿ ಸಾಕೆನ್ನಿಸಿದರೆ 1 ಟಿಬಿ ತನ್ನಿ, ಐದನೆಯ ಒಂದು ಭಾಗವನ್ನು ಯಾವಾಗಲೂ ಖಾಲಿ ಬಿಡಿ. ಕೋಶದ ಬಗೆಯನ್ನು ಬರೆಯದೆ ಬರೀ ವೇಗವನ್ನು ದೊಡ್ಡಕ್ಷರದಲ್ಲಿ ಅಚ್ಚು ಹಾಕಿದ ಪೆಟ್ಟಿಗೆಯನ್ನು ನಾನು ಮುಟ್ಟುವುದಿಲ್ಲ. ಬಾಳಿಕೆಯ ಬಗ್ಗೆ ಭಯ ಬೇಡ: 1 ಟಿಬಿಯ ಟಿಎಲ್‌ಸಿ ಡ್ರೈವಿಗೆ ಸಾಮಾನ್ಯವಾಗಿ 600 ಟಿಬಿ ಬರೆಯುವವರೆಗೆ ಅಥವಾ ಐದು ವರ್ಷ ಖಾತರಿ ಇರುತ್ತದೆ. ಅಂದರೆ ಆ ಮಿತಿಯನ್ನು ಮುಟ್ಟಲು ಐದು ವರ್ಷ ದಿನವೂ 320 ಜಿಬಿಗಿಂತ ಹೆಚ್ಚು ಬರೆಯಬೇಕು. ಅದು ನಿಮ್ಮಿಂದಾಗದು, ನನ್ನಿಂದಲೂ ಆಗಿಲ್ಲ.

ಅಳೆಯಲೇಬೇಕೆಂದರೆ ತಂದ ದಿನ ಅಳೆಯಬೇಡಿ. ಮೊದಲ ವಾರದಲ್ಲಿ, ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ, ನಿಮ್ಮದೇ ಕಡತಗಳಿಂದ ಅದನ್ನು ಮುಕ್ಕಾಲು ಭಾಗ ತುಂಬಿಸಿ. ಒಂದು ರಾತ್ರಿ ಕಂಪ್ಯೂಟರನ್ನು ಸುಮ್ಮನೆ ಆನ್ ಇಡಿ. ಮರುದಿನ 100 ಜಿಬಿಯ ಒಂದು ಫೋಲ್ಡರನ್ನು ಅದೇ ಡ್ರೈವಿನಲ್ಲಿ ಇನ್ನೊಂದು ಕಡೆಗೆ ನಕಲು ಮಾಡಿ ವೇಗದ ಗೆರೆಯನ್ನು ಕೊನೆಯವರೆಗೂ ನೋಡಿ. ಹಳೆಯ ಹಾರ್ಡ್ ಡಿಸ್ಕಿನಿಂದ ನಕಲು ಮಾಡಿದರೆ ಏನೂ ತಿಳಿಯದು, ಅದೇ ಸೆಕೆಂಡಿಗೆ 150 ಎಂಬಿಯ ಸುಮಾರಿಗೆ ಕೊಡುವಾಗ ಎಸ್‌ಎಸ್‌ಡಿಗೆ ಕಷ್ಟವೇ ಆಗುವುದಿಲ್ಲ. ಗೆರೆ ಎಲ್ಲಿ ಬೀಳುತ್ತದೆ, ಬಿದ್ದ ಮೇಲೆ ಎಷ್ಟರಲ್ಲಿ ನಿಲ್ಲುತ್ತದೆ, ಇವೆರಡನ್ನು ಬರೆದಿಟ್ಟುಕೊಳ್ಳಿ. ಒಂದೇ ಹೆಸರಿನ ಡ್ರೈವಿನ ಒಳಗಿನ ಚಿಪ್‌ಗಳು ಕಾಲಕಾಲಕ್ಕೆ ಬದಲಾಗುವುದುಂಟು. ಬೇರೆಯವರ ವಿಮರ್ಶೆಗಿಂತ ನಿಮ್ಮ ಮೇಜಿನ ಮೇಲೆ ಬಂದ ಅಂಕಿಯೇ ನಿಮಗೆ ಮುಖ್ಯ.

ನನ್ನ ಆ ಕ್ಯೂಎಲ್‌ಸಿ ಡ್ರೈವ್ ಈಗಲೂ ಇದೇ ಕಂಪ್ಯೂಟರಿನಲ್ಲಿದೆ. ಮುಗಿದ ಕೆಲಸಗಳ ಕಡತಗಳನ್ನು ಅದರಲ್ಲಿ ಇಟ್ಟಿದ್ದೇನೆ. ಓದಲು ಅದು ಇಂದಿಗೂ ಚುರುಕಾಗಿದೆ, ಒಂದು ದೋಷವನ್ನೂ ತೋರಿಸಿಲ್ಲ. ಸಂಕಲನ ಮಾತ್ರ ಟಿಎಲ್‌ಸಿ ಡ್ರೈವಿನಲ್ಲಿ ನಡೆಯುತ್ತದೆ. ನಿಮ್ಮ ಮದರ್‌ಬೋರ್ಡಿನ ಮಾದರಿ ಸಂಖ್ಯೆಯನ್ನು ಪ್ರಶ್ನೆಗೆ ಸೇರಿಸಿ, ಕೈಪಿಡಿಯಲ್ಲಿ ಆ ಸ್ಲಾಟಿನ ಬಗ್ಗೆ ಏನಿದೆಯೆಂದು ನೋಡಿ ತಿಳಿಸುತ್ತೇನೆ.