ರೋಬೋ ಒಳಗೆ ಕೂತ ಹುಡುಗ

ದೊಡ್ಡ ದೊಡ್ಡ ರೋಬೋಗಳು ಹೊಡೆದಾಡುವ ಅನಿಮೆಯಲ್ಲಿ, ಅಂದರೆ ಜಪಾನಿನ ಕಾರ್ಟೂನ್‌ಗಳಲ್ಲಿ, ಕಣ್ಣಿಗೆ ಹಬ್ಬ ಬಿಟ್ಟರೆ ಮನಸ್ಸಿಗೆ ಏನಾದರೂ ಸಿಗುತ್ತದಾ ಅಂತ ಕೇಳಿದ್ದೀರಿ. ಖಂಡಿತ ಸಿಗುತ್ತದೆ.

ನಮ್ಮ ಕಾರವಾರದ ಟಾಗೋರ್ ಬೀಚಿನಲ್ಲಿ ಚಪಲ್ ಯುದ್ಧನೌಕೆ ಇದೆಯಲ್ಲ, ಅದನ್ನು ಹೊರಗಿನಿಂದ ನೋಡಿದರೆ ಮೈ ಜುಮ್ ಅನ್ನುತ್ತದೆ. ಒಳಗೆ ಇಳಿದು ನೋಡಿ. ಎಲ್ಲಾ ಇಕ್ಕಟ್ಟು. ಇಲ್ಲೇ ಯಾರೋ ಉಂಡು ಮಲಗಿ ಊರಿನ ನೆನಪು ಮಾಡಿಕೊಂಡಿರುತ್ತಾರೆ ಅನಿಸಿದ ಕೂಡಲೇ ಆ ಕಬ್ಬಿಣ ಬೇರೆಯೇ ಆಗಿ ಕಾಣುತ್ತದೆ, ಅಲ್ವಾ?

ಯೋಶಿಯುಕಿ ಟೊಮಿನೊ ನಿರ್ದೇಶಿಸಿದ 1979ರ 'ಮೊಬೈಲ್ ಸೂಟ್ ಗುಂಡಮ್' ಟಿವಿ ಸರಣಿ ಮಾಡಿದ್ದೂ ಅದನ್ನೇ. ರೋಬೋ 18 ಮೀಟರ್ ಎತ್ತರ. ಒಳಗೆ 15 ವರ್ಷದ ಅಮುರೊ. ಗೆದ್ದ ಮೇಲೂ ಅವನಿಗೆ ಖುಷಿಯಿಲ್ಲ, ಒಂದು ದಿನ ಹಾಸಿಗೆ ಬಿಟ್ಟು ಏಳದೆ ಇನ್ನು ನನ್ನಿಂದಾಗಲ್ಲ ಅಂತ ಕೂತುಬಿಡುತ್ತಾನೆ. ಆ ದೃಶ್ಯದಲ್ಲಿ ಒಂದು ಸ್ಫೋಟವೂ ಇಲ್ಲ, ಆದರೂ ನನಗೆ ಅದೇ ಜಾಸ್ತಿ ನೆನಪಿದೆ.

ಅಷ್ಟು ಉದ್ದದ್ದು ಬೇಡ ಅಂದರೆ ಅದೇ ಗುಂಡಮ್ ಸಾಲಿನ 1989ರ 'ವಾರ್ ಇನ್ ದ ಪಾಕೆಟ್' ನೋಡಿ. ಆರೇ ಕಂತು. ಆಲ್ ಅನ್ನುವ ಪುಟ್ಟ ಹುಡುಗನ ಶಾಲೆಯ ಮೇಲೆಯೇ ರೋಬೋಗಳ ಕಾದಾಟ ನಡೆಯುತ್ತದೆ. ಹೆದರಬೇಕಾದವನು ಕ್ಯಾಮೆರಾ ಹಿಡಿದು ಬೀಳುತ್ತಿರುವ ರೋಬೋ ಹಿಂದೆ ಓಡುತ್ತಾನೆ! ನಾವೂ ಅವನ ಜೊತೆ ಸಂಭ್ರಮಪಡುತ್ತೇವೆ. ಆಮೇಲೆ ಅದೇ ರೋಬೋ ಓಡಿಸುವವನು ಅವನಿಗೆ ಅಣ್ಣನಂತೆ ಆಗುತ್ತಾನೆ, ಅಲ್ಲಿಂದ ಮುಂದೆ ಪ್ರತಿ ಗುಂಡಿನ ಸದ್ದಿಗೂ ಎದೆ ಧಸಕ್ ಅನ್ನುತ್ತದೆ.

ಕೊನೆ ಏನು ಅಂತ ಹೇಳುವುದಿಲ್ಲ. ಸುಮ್ನೆ ಒಂದು ರಾತ್ರಿ ಕೂತು ಆರೂ ನೋಡಿ, ಕೊನೆಯ ಶಾಲೆಯ ದೃಶ್ಯ ಮುಗಿದ ಮೇಲೆ ಇಲ್ಲಿ ಬಂದು ಬರೆಯಿರಿ.