ಮೂರು ಅಡಿಯ ರೀಫ್ ಟ್ಯಾಂಕ್‌ಗೆ ಕಡಿಮೆ ಖರ್ಚಿನಲ್ಲಿ ಯಾವ ಮರಳು ಹಾಕಬಹುದು?

ಉಪ್ಪುನೀರಲ್ಲಿ ಹವಳ, ಮೀನು ಸಾಕುವ ನಿಮ್ಮ ರೀಫ್ ಟ್ಯಾಂಕ್ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ. ಲೈಟು, ಸ್ಕಿಮ್ಮರ್‌ಗೇ (ನೀರಿನ ಕೊಳೆಯನ್ನು ನೊರೆಯಾಗಿಸಿ ತೆಗೆಯುವ ಸಾಧನ) ದುಡ್ಡೆಲ್ಲ ಖರ್ಚಾಗಿದೆ. ಅಂಗಡಿಯವರು ನಾಲ್ಕು ಇಂಚು ಅರಗೊನೈಟ್ ಮರಳು (ಹವಳ, ಚಿಪ್ಪುಗಳಲ್ಲಿರುವ ಸುಣ್ಣದ ಖನಿಜದ್ದು) ಬೇಕೇ ಬೇಕು ಅನ್ನುತ್ತಿದ್ದಾರೆ. ಅದರ ಬದಲು ಮಲ್ಪೆ ಬೀಚಿನಿಂದ ಎರಡು ಚೀಲ ತಂದು ಹಾಕಿದರೆ ಆಗಲ್ವಾ ಅಂತ ಕೇಳಿದ್ದೀರಿ. ನನ್ನ ಸಲಹೆ: ಅರಗೊನೈಟನ್ನೇ ತಗೊಳ್ಳಿ, ಆದರೆ ಒಂದೇ ಇಂಚು ಹಾಕಿ.

ಲೆಕ್ಕ ನೋಡಿ. ತಳ ಸುಮಾರು 90 ಸೆಂ.ಮೀ. × 45 ಸೆಂ.ಮೀ. ಒಂದು ಇಂಚು ಆಳಕ್ಕೆ ಹತ್ತು ಲೀಟರ್ ಮರಳು, ಅಂದರೆ ಹೆಚ್ಚುಕಡಿಮೆ 15 ಕೆ.ಜಿ. ನಾಲ್ಕು ಇಂಚಿಗೆ 60 ಕೆ.ಜಿ. ಆಗುತ್ತದೆ. ಕಲ್ಲುಗಳನ್ನು ಮೊದಲು ನೇರವಾಗಿ ತಳದ ಮೇಲೆ ಕೂರಿಸಿ ಆಮೇಲೆ ಸುತ್ತ ಮರಳು ಹಾಕಿದರೆ 10ರಿಂದ 12 ಕೆ.ಜಿ. ಸಾಕು. ಹಾಗೆ ಕೂರಿಸುವುದು ಬರೀ ಉಳಿತಾಯಕ್ಕಲ್ಲ. ಮರಳಿನ ಮೇಲೆ ಕಲ್ಲು ಇಟ್ಟರೆ, ಮುಂದೆ ಗೋಬಿ ಮೀನೋ ಪಿಸ್ತೂಲ್ ಸೀಗಡಿಯೋ ಅಡಿಯಲ್ಲಿ ಗುಂಡಿ ತೋಡಿದಾಗ ಇಡೀ ಗುಡ್ಡೆ ಕುಸಿಯಬಹುದು.

ನಾಲ್ಕು ಇಂಚಿನ ಮಾತು ಸುಳ್ಳೇನಲ್ಲ. ಆಳದ ಮರಳಿನ ಕೆಳಪದರಕ್ಕೆ ಆಮ್ಲಜನಕ ತಲುಪುವುದಿಲ್ಲ. ಅಲ್ಲಿನ ಬ್ಯಾಕ್ಟೀರಿಯಾ, ಮೀನಿನ ಕೊಳೆಯಿಂದ ನೀರಲ್ಲಿ ಸೇರುವ ನೈಟ್ರೇಟನ್ನು ಸಾರಜನಕದ ಗಾಳಿಯಾಗಿಸಿ ಹೊರಗೆ ಬಿಡುತ್ತವೆ. ಆದರೆ ಅದಕ್ಕೆ ತುಂಬ ಸಣ್ಣ ಮರಳು ಬೇಕು, ಅದರಲ್ಲಿ ಓಡಾಡುವ ಹುಳುಗಳು ಬೇಕು, ವರ್ಷಗಟ್ಟಲೆ ಕೆದಕದೆ ಬಿಡುವ ತಾಳ್ಮೆ ಬೇಕು. ನಿಮ್ಮ ಹತ್ತಿರ ಸ್ಕಿಮ್ಮರ್ ಇದೆ, ಕಲ್ಲಿನೊಳಗೂ ಇದೇ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಮೊದಲ ಟ್ಯಾಂಕ್‌ಗೆ ಆ ಆಳ ಬೇಡ.

ಆಳಕ್ಕಿಂತ ಕಾಳಿನ ಗಾತ್ರದ ಕಡೆ ಜಾಸ್ತಿ ಗಮನ ಕೊಡಿ. ನನ್ನ ಮೊದಲ ಟ್ಯಾಂಕ್‌ಗೆ ಅಗ್ಗ ಅಂತ ದಪ್ಪ ಕ್ರಶ್ಡ್ ಕೋರಲ್ (ಹವಳದ ಚೂರು) ತಂದಿದ್ದೆ, ಒಂದೊಂದು ಚೂರೂ ತೊಗರಿಬೇಳೆಯಷ್ಟು. ಮೂರು ಇಂಚು ಹಾಕಿದೆ. ಮೀನಿನ ಆಹಾರ, ಕಸ ಎಲ್ಲ ಸಂದಿಗಳಿಗೆ ಇಳಿದು ಕೂತಿತು. ವರ್ಷ ತುಂಬುವಷ್ಟರಲ್ಲಿ ನೈಟ್ರೇಟ್ ಲೀಟರಿಗೆ 50 ಮಿ.ಗ್ರಾಂ. ದಾಟಿತ್ತು, ಕಲ್ಲಿನ ಮೇಲೆಲ್ಲ ಹಸಿರು ಪಾಚಿ. ಪೈಪಿಟ್ಟು ಎಳೆದರೆ ಕಂದು ನೀರು. ಒಂದೇ ಸಲ ತೆಗೆದರೆ ಅಡಿಯ ಕೊಳೆಯೆಲ್ಲ ನೀರಿಗೆ ಬಂದು ಮೀನು ಸಾಯಬಹುದಿತ್ತು. ಹಾಗಾಗಿ ಪ್ರತಿ ವಾರ ನೀರು ಬದಲಿಸುವಾಗ ಒಂದೊಂದು ಮೂಲೆಯದ್ದು ತೆಗೆದೆ. ಎರಡು ತಿಂಗಳು ಹಿಡಿಯಿತು. ಆಮೇಲೆ ಹೊಸ ಮರಳಿಗೆ ಮತ್ತೆ ದುಡ್ಡು.

ಸಾಸಿವೆ ಕಾಳಿನ ಗಾತ್ರ, ಅಂದರೆ 1ರಿಂದ 2 ಮಿ.ಮೀ. ಇರುವುದನ್ನು ಆರಿಸಿ. ಚಿರೋಟಿ ರವೆಯಷ್ಟು ಸಣ್ಣದಾದರೆ ಅಲೆ ಎಬ್ಬಿಸುವ ವೇವ್‌ಮೇಕರ್ ಪಂಪಿನ ಮುಂದೆ ನಿಲ್ಲುವುದಿಲ್ಲ, ಎದ್ದು ಬಂದು ಹವಳದ ಮೇಲೆ ಕೂರುತ್ತದೆ. 3 ಮಿ.ಮೀ. ದಾಟಿದರೆ ನನ್ನ ಕಥೆಯೇ.

ಇನ್ನು ಮಲ್ಪೆ ಮರಳು. ನಮ್ಮ ಕರಾವಳಿಯ ಮರಳು ಬಹುಪಾಲು ಬೆಣಚುಕಲ್ಲಿನ ಪುಡಿ, ಘಟ್ಟದಿಂದ ಹೊಳೆಗಳು ತಂದು ಹಾಕಿದ್ದು. ಹವಳದ ದ್ವೀಪಗಳ ಬಿಳಿ ಮರಳಿನ ಹಾಗಲ್ಲ. ಬೆಣಚು ಗಾಜಿಗಿಂತ ಗಟ್ಟಿ. ಮೋಸ್ ಮಾಪಕದಲ್ಲಿ ಅದು 7, ಗಾಜು ಸುಮಾರು 5.5, ಅರಗೊನೈಟ್ 4ರ ಒಳಗೆ. ಗಾಜು ಒರೆಸುವ ಮ್ಯಾಗ್ನೆಟ್ ಅಡಿಗೆ ಒಂದು ಕಾಳು ಸಿಕ್ಕಿದರೂ ಅಳಿಸಲಾಗದ ಗೀರು ಬೀಳುತ್ತದೆ. ಪಕ್ಕದಲ್ಲೇ ದೊಡ್ಡ ಮೀನುಗಾರಿಕೆ ಬಂದರು ಇದೆ, ದೋಣಿಗಳ ಡೀಸೆಲ್ ಎಲ್ಲಿಗೆ ಸೇರುತ್ತದೆ ಹೇಳಿ. ಜೊತೆಗೆ ಕರಾವಳಿ ನಿಯಂತ್ರಣ ವಲಯದ ನಿಯಮಗಳಲ್ಲಿ ಮರಳು ತೆಗೆಯುವುದಕ್ಕೆ ನಿರ್ಬಂಧವೂ ಇದೆ. ಎರಡೇ ಚೀಲ ಅಲ್ವಾ ಅನ್ನಿಸಬಹುದು. ದಯವಿಟ್ಟು ತರಬೇಡಿ.

ಎಂ-ಸ್ಯಾಂಡ್ ಗ್ರಾನೈಟ್ ಒಡೆದು ಮಾಡಿದ್ದು, ಅಂಚು ಚೂಪು, ಅದಂತೂ ಬೇಡವೇ ಬೇಡ. ಕೋಳಿ ಆಹಾರಕ್ಕೆ ಮಾರುವ ಚಿಪ್ಪಿನ ಚೂರು ಕೂಡ ಮರಳಲ್ಲಿ ಹುದುಗುವ ಮೀನುಗಳ ಮೈ ಗೀರುತ್ತದೆ. ಈಜುಕೊಳದ ಫಿಲ್ಟರ್ ಮರಳು ಸ್ವಲ್ಪ ವಾಸಿ, ಸ್ವಚ್ಛ, ಬೆಲೆಯೂ ಕಡಿಮೆ. ಅದೂ ಬೆಣಚೇ, ಗಾಜಿನ ಭಯ ಇದ್ದೇ ಇರುತ್ತದೆ. ಅದನ್ನು ಹಾಕಿದರೆ ಕಂದು ಪಾಚಿ ಬರುತ್ತದೆ ಅಂತ ಹೆದರಿಸುವವರಿದ್ದಾರೆ. ಆ ಪಾಚಿ ಹೊಸ ಟ್ಯಾಂಕ್‌ಗಳಲ್ಲಿ ಯಾವ ಮರಳಿದ್ದರೂ ಕೆಲವು ವಾರ ಬಂದು ಹೋಗುತ್ತದೆ.

ಅರಗೊನೈಟ್ ಪಿಎಚ್ ಕಾಯುತ್ತದೆ, ಹವಳಕ್ಕೆ ಕ್ಯಾಲ್ಸಿಯಂ ಕೊಡುತ್ತದೆ ಅಂತ ಅಂಗಡಿಯಲ್ಲಿ ಹೇಳಿದ್ದರೆ ಅದನ್ನು ನಂಬಿ ಜಾಸ್ತಿ ಕೊಳ್ಳಬೇಡಿ. ರೀಫ್ ಟ್ಯಾಂಕಿನ ಪಿಎಚ್ 8ರ ಮೇಲಿರುವಾಗ ಅದು ಕರಗುವುದೇ ಇಲ್ಲ ಅನ್ನಬಹುದು. ಕ್ಯಾಲ್ಸಿಯಂ ರಿಯಾಕ್ಟರ್‌ನಲ್ಲಿ ಇದೇ ವಸ್ತುವನ್ನು ಕರಗಿಸಲು ಇಂಗಾಲದ ಡೈಆಕ್ಸೈಡ್ ಬಿಟ್ಟು ಪಿಎಚ್ ಅನ್ನು 6.5ರ ಆಸುಪಾಸಿಗೆ ಇಳಿಸಬೇಕಾಗುತ್ತದೆ. ಅರಗೊನೈಟ್ ಮೆತ್ತಗಿದೆ, ಗಾಜು ಗೀರುವುದಿಲ್ಲ, ಬೆಳಕನ್ನು ಮೇಲಕ್ಕೆ ಚಿಮ್ಮಿಸುತ್ತದೆ. ನಾನು ಅದನ್ನು ಮೆಚ್ಚುವುದು ಇಷ್ಟಕ್ಕೇ.

ಚೀಲ ತೆಗೆಸುವಾಗ ಎಲ್ಲಿಯ ಮಾಲು ಅಂತ ಕೇಳಿ. ಇದು ನನಗೆ ತುಂಬ ಮುಖ್ಯ. ನಮ್ಮ ಸಮುದ್ರದ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಕಂಪನಿ ಹೆಸರಿಲ್ಲದ ಚೀಲದಲ್ಲಿ ಹವಳದ ಕೊಂಬೆಗಳ ತುಂಡು ಕಂಡರೆ ಅಲ್ಲಿ ಕೊಳ್ಳಬೇಡಿ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಒಮ್ಮೆ ನೀರಿಗಿಳಿದು ನೋಡಿದ್ದೇನೆ. ಬಂಡೆಗೆ ಅಂಟಿದ ಹವಳ, ಅದರ ಸುತ್ತ ಮೀನಿನ ಹಿಂಡು. ಅದನ್ನು ಕಂಡಮೇಲೆ ಮನೆಯ ಟ್ಯಾಂಕ್‌ಗೋಸ್ಕರ ಯಾರೋ ಅದನ್ನು ಒಡೆದು ತರುವುದು ನನ್ನಿಂದ ಸಹಿಸಲಾಗದು.

ಈ ತಿಂಗಳು ಒಂದು ಇಂಚಿಗೂ ದುಡ್ಡಿಲ್ಲ ಅಂದರೆ ಏನೂ ಹಾಕದೆ ಶುರು ಮಾಡಿ. ಬರೀ ತಳದ ಟ್ಯಾಂಕ್‌ನಲ್ಲಿ ಹವಳ ಚೆನ್ನಾಗಿಯೇ ಬೆಳೆಯುತ್ತದೆ, ಕಸ ತೆಗೆಯುವುದೂ ಸುಲಭ. ನಿಮ್ಮ ಕ್ಲೌನ್‌ಫಿಶ್‌ಗೆ ಮರಳು ಬೇಕಿಲ್ಲ. ರಾತ್ರಿ ಮರಳಲ್ಲಿ ಹುದುಗಿ ಮಲಗುವ ರಾಸ್ ಮೀನು ಸಾಕುವ ಆಸೆ ಇದ್ದರೆ, ಒಂದು ಅಗಲವಾದ ಗಾಜಿನ ಬಟ್ಟಲಲ್ಲಿ ಎರಡು ಮೂರು ಇಂಚು ಸಣ್ಣ ಮರಳು ತುಂಬಿ ಕಲ್ಲಿನ ಹಿಂದೆ ಇಡಿ.

ಬ್ಯಾಕ್ಟೀರಿಯಾ ಸಮೇತ ಒದ್ದೆಯಾಗಿ ಮಾರುವ ಲೈವ್ ಸ್ಯಾಂಡ್‌ಗೆ ಜಾಸ್ತಿ ಕೊಡಬೇಡಿ, ಒಣ ಮರಳೇ ಸಾಕು. ಬಕೆಟ್‌ನಲ್ಲಿ ಅಕ್ಕಿ ತೊಳೆದ ಹಾಗೆ ನೀರು ತಿಳಿಯಾಗುವ ತನಕ ತೊಳೆಯಿರಿ, ಕೊನೆಗೆ ಒಂದು ಸಲ ಆರ್‌ಓ ನೀರಲ್ಲಿ. ಆಮೇಲೆ ನಿಮ್ಮೂರಲ್ಲಿ ವರ್ಷಕ್ಕೂ ಮೇಲೆ ಚೆನ್ನಾಗಿ ನಡೆದಿರುವ ಟ್ಯಾಂಕ್ ಇರುವವರ ಹತ್ತಿರ ಅವರ ಟ್ಯಾಂಕಿನ ಮೇಲ್ಪದರದ ಮರಳು ಒಂದು ಲೋಟ ಕೇಳಿ. ಟ್ಯಾಂಕಿನ ನೀರಿನ ಜೊತೆಗೇ ತನ್ನಿ, ದಾರಿಯಲ್ಲಿ ಒಣಗಬಾರದು. ತಂದ ದಿನವೇ ನಿಮ್ಮ ಮರಳಿನ ಮೇಲೆ ಚೆಲ್ಲಿ.